ಅರ್ಧ ಅಳತೆಯ ತೋಪು

ಮಾವ: ಕೇಳಿಸಿತಾ? ಕಿಟಕಿ ಗಾಜು ಝಣ್ ಅಂತು.

ಅಳಿಯ: ಕುಶಾಲತೋಪಿನ ತಾಲೀಮಾ ಮಾವ?

ಮಾವ: ಹೂಂ. ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಸದ್ದು ಅಭ್ಯಾಸ ಮಾಡಿಸ್ತಾರೆ. ಆನೆಗಳು ನಾಲ್ಕು ದಿನಕ್ಕೆ ಹೊಂದಿಕೊಳ್ತವೆ. ನಮ್ಮನೆ ನಾಯಿಗೆ ಹತ್ತು ವರ್ಷವಾದರೂ ಅಭ್ಯಾಸ ಆಗಿಲ್ಲ. ನೋಡು, ಮಂಚದ ಕೆಳಗೆ ಸೇರಿಕೊಂಡಿದೆ. ನೀನು ಮಾತ್ರ ಊಟಕ್ಕೆ ಕರೆದ ಹಾಗೆ ಎದ್ದು ನಿಂತೆಯಲ್ಲ! ಹಾಗಾದರೆ ನಿಮ್ಮಮ್ಮ ಹೇಳಿದ್ದು ಸುಳ್ಳಲ್ಲ.

ಅಳಿಯ: ಅಮ್ಮ ಏನಂದರು?

ಮಾವ: 'ಅಮೆರಿಕದಲ್ಲಿ ಕೂತು ಫಿರಂಗಿ ಹೊಡೀತಾನೆ ನಿನ್ನ ಅಳಿಯ, ಬಂದಾಗ ಸ್ವಲ್ಪ ಬುದ್ಧಿ ಹೇಳು' ಅಂದಳು. ಬುದ್ಧಿ ಹೇಳೋಕೇ ಕಾಫಿ ಕೊಟ್ಟು ಕೂರಿಸಿದ್ದೀನಿ. ಮೊದಲು ವಿಷಯ ಏನು ಅಂತ ಹೇಳು. ಫಿರಂಗಿ ಅಂದರೆ ನಿಜವಾದ್ದಾ, ಆಟಿಕೆಯದಾ?

ಅಳಿಯ: ನಿಜವಾದ್ದೇ, ಗಾತ್ರ ಚಿಕ್ಕದು. ಹಳೇ ಕಾಲದ ತೋಪುಗಳನ್ನ ಅರ್ಧಕ್ಕೋ, ಮೂರನೇ ಒಂದಕ್ಕೋ, ಆರನೇ ಒಂದಕ್ಕೋ ಇಳಿಸಿ, ಚಕ್ರ, ಗಾಡಿ, ಕೊಂಡಿ ಸಮೇತ ಮಾಡಿಸಿ, ಕರಿಮದ್ದು ತುಂಬಿ ಹೊಡೆಯೋದು. ನನ್ನದು ಅಂತ ಒಂದೂ ಇಲ್ಲ ಇನ್ನೂ. ಪಕ್ಕದ ಮನೆಯವರ ಹತ್ತಿರ ಎರಡಿವೆ. ತಿಂಗಳಿಗೊಂದು ಶನಿವಾರ ಊರಾಚೆ ಒಬ್ಬ ರೈತರ ಹೊಲಕ್ಕೆ ಹೋಗ್ತೀವಿ. ಕೊನೇಲಿ ದೊಡ್ಡ ಮಣ್ಣಿನ ದಿಬ್ಬ ಇದೆ, ಅದರ ಕಡೆ ಮುಖ ಮಾಡಿ ಹೊಡೀತೀವಿ. ಆ ಪಕ್ಕದ ಮನೆಯವರು ನಿಮ್ಮ ಹಾಗೇ, ಫ್ಯಾಕ್ಟರಿಯಲ್ಲಿ ಟೂಲ್‌ಮೇಕರ್ ಆಗಿದ್ದು ನಿವೃತ್ತಿಯಾದವರು. ಮನೆ ಗ್ಯಾರೇಜಿನಲ್ಲಿ ಲೇತ್ ಇಟ್ಟುಕೊಂಡಿದ್ದಾರೆ.

ಮಾವ: ಅದನ್ನ ಮೊದಲೇ ಹೇಳಬಾರದಿತ್ತಾ! ಲೇತ್ ಎಷ್ಟು ಉದ್ದದ್ದು? ಹೋಗಲಿ, ನಿನಗೆ ಗೊತ್ತಿರಲ್ಲ. ಅವರದು ಯಾವ ತೋಪು?

ಅಳಿಯ: ದೊಡ್ಡದು ಅರ್ಧ ಅಳತೆಯ ನೆಪೋಲಿಯನ್.

ಮಾವ: ವಾಟರ್‌ಲೂನಲ್ಲಿ ಸೋತನಲ್ಲ, ಅವನದಾ?

ಅಳಿಯ: ಅವನದಲ್ಲ, ಅವನ ತಮ್ಮನ ಮಗ ಮೂರನೇ ನೆಪೋಲಿಯನ್‌ನದು. ಅವನ ಸೈನ್ಯದ ತೋಪು ನೋಡಿಕೊಂಡು ಅಮೆರಿಕದವರು 1857ರಲ್ಲಿ ಹನ್ನೆರಡು ಪೌಂಡ್ ಗುಂಡು ಹಾರಿಸೋ ಕಂಚಿನ ತೋಪು ಮಾಡಿಕೊಂಡರು. ನಾಲ್ಕೇ ವರ್ಷಕ್ಕೆ ತಮ್ಮತಮ್ಮಲ್ಲೇ ಯುದ್ಧ ಶುರುವಾಯ್ತು, ಎರಡೂ ಕಡೆಯವರು ಅದನ್ನೇ ಹೊತ್ತು ತಿರುಗಿದರು. ನಮ್ಮ ಮನೆಯಿಂದ ಗೆಟಿಸ್‌ಬರ್ಗ್ ಒಂದು ಗಂಟೆ ದಾರಿ. 1863ರ ಜುಲೈ ಮೊದಲ ಮೂರು ದಿನ ಯುದ್ಧ ನಡೆದ ಬಯಲು. ಈಗಲೂ ರಸ್ತೆಯುದ್ದಕ್ಕೂ ತೋಪುಗಳು ಸಾಲಾಗಿ ನಿಂತಿವೆ, ಮಕ್ಕಳು ಹತ್ತಿ ಫೋಟೊ ತೆಗೆಸಿಕೊಳ್ತಾರೆ. ಅಸಲಿ ನೆಪೋಲಿಯನ್ನಿನ ಬಾಯಿ 117 ಮಿ.ಮೀ., ನಳಿಗೆ ಒಂದೇ 557 ಕೆ.ಜಿ. ಹತ್ತಿರ ಇದೆ.

ಮಾವ: ಅರ್ಧ ಅಳತೆ ಅಂದರೆ 70 ಕೆ.ಜಿ.

ಅಳಿಯ: ಅಷ್ಟು ಬೇಗ ಹೇಗೆ ಹೇಳಿದಿರಿ? ನಾನು ಅರ್ಧ ಅಂದರೆ 280 ಕೆ.ಜಿ. ಅಂದುಕೊಂಡು, ಮೊದಲ ದಿನ ವ್ಯಾನಿನಿಂದ ಇಳಿಸೋಕೆ ಆಫೀಸಿನ ನಾಲ್ಕು ಜನರನ್ನ ಕರೆದುಕೊಂಡು ಹೋಗಿದ್ದೆ.

ಮಾವ: ಉದ್ದ ಅರ್ಧ, ಅಗಲ ಅರ್ಧ, ಎತ್ತರ ಅರ್ಧ. ಎರಡೆರಡಲಿ ನಾಲ್ಕು, ನಾಲ್ಕೆರಡಲಿ ಎಂಟು. ಎಂಟನೇ ಒಂದು. ಮೂರನೇ ಒಂದಕ್ಕೆ ಇಳಿಸಿದರೆ ಇಪ್ಪತ್ತೇಳನೇ ಒಂದು, ಇಪ್ಪತ್ತು ಕೆ.ಜಿ. ಬರತ್ತೆ. ಆರನೇ ಒಂದು ಅಂದರೆ ಎರಡೂವರೆ ಕೆ.ಜಿ., ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಮೂವತ್ತನಾಲ್ಕು ವರ್ಷ ತೂಕದ ಮೇಲೆ ರಾಡು ಎಣಿಸಿಕೊಂಡವನು ನಾನು. ಸರಿ, ಇನ್ನೊಂದು ಹೇಳು. ಮದ್ದನ್ನೂ ಎಂಟನೇ ಒಂದು ಹಾಕ್ತಾರಾ?

ಅಳಿಯ: ತೊಡಕಿರೋದೇ ಅಲ್ಲಿ. ಗುಂಡಿನ ತೂಕ ಎಂಟನೇ ಒಂದಾಗತ್ತೆ. ಹನ್ನೆರಡು ಪೌಂಡಿನದು ಒಂದೂವರೆ ಪೌಂಡಿಗೆ ಇಳಿಯತ್ತೆ. ಚಕ್ರ, ಕೀಲು, ಮೊಳೆ ಎಲ್ಲಾ ಹೇಳಿದ ಹಾಗೆ ಕೇಳತ್ತೆ. ಆದರೆ ಮದ್ದಿಗೆ ತಾನು ಅರ್ಧ ಅಳತೆಯ ನಳಿಗೆಯಲ್ಲಿ ಕೂತಿದೀನಿ ಅಂತ ಗೊತ್ತಾಗಲ್ಲ ಮಾವ. ಕಿಡಿ ಅಷ್ಟೇ ಬಿಸಿ, ಉರಿ ಅಷ್ಟೇ ಜೋರು. ದೊಡ್ಡ ತೋಪಿಗೆ ದಪ್ಪ ಹರಳಿನ ಮದ್ದು ಹಾಕ್ತಿದ್ದರು, ನಿಧಾನ ಉರಿದು ಗುಂಡನ್ನ ತಳ್ಳಲಿ ಅಂತ. ಚಿಕ್ಕದಕ್ಕೆ ಸ್ವಲ್ಪ ಸಣ್ಣ ಹರಳು ಬೇಕು. ಆದರೆ ಆಸೆಬಿದ್ದು ತೀರ ಸಣ್ಣದು ಹಾಕಿದರೆ ತಳ್ಳೋ ಬದಲು ಗುದ್ದತ್ತೆ. ಅದಕ್ಕೇ ತಿಳಿದವರು ಲೆಕ್ಕಕ್ಕೆ ಬರೋದಕ್ಕಿಂತ ಬಹಳ ಕಡಿಮೆ ಹಾಕ್ತಾರೆ. ಸದ್ದು ಬಂದರೆ ಸಾಕು, ಗುಂಡು ದಿಬ್ಬ ಮುಟ್ಟಿದರೆ ಸಾಕು.

ಮಾವ: ನಳಿಗೆ ಯಾವ ಲೋಹ? ಕಂಚಾ?

ಅಳಿಯ: ಹೊರಗೆ ನೋಡೋಕೆ ಕಂಚು, ಇಲ್ಲವೇ ಎರಕದ ಕಬ್ಬಿಣ. ಒಳಗೆ ಬೆಸುಗೆ ಇಲ್ಲದ ಉಕ್ಕಿನ ಕೊಳವೆ ಕೂರಿಸಿರ್ತಾರೆ. ಬರೀ ಎರಕದ ಕಬ್ಬಿಣವನ್ನ ಬಲ್ಲವರು ಯಾರೂ ನಂಬಲ್ಲ. ಇನ್ನೊಂದು ರೂಢಿಯ ಮಾತಿದೆ: ಮದ್ದು ಕೂರೋ ಜಾಗದಲ್ಲಿ ಗೋಡೆಯ ದಪ್ಪ ಬಾಯಿಯ ಅಗಲಕ್ಕಿಂತ ಕಡಿಮೆ ಇರಬಾರದು.

ಮಾವ: 58 ಮಿ.ಮೀ. ಬಾಯಿಗೆ ಸುತ್ತ 58 ಮಿ.ಮೀ. ಗೋಡೆ. ಅಂದರೆ ಹಿಂಭಾಗ 175 ಆಯ್ತು. ಹೂಂ, ಅಷ್ಟಿದ್ದರೆ ಧೈರ್ಯವಾಗಿ ಪಕ್ಕದಲ್ಲಿ ನಿಲ್ಲಬಹುದು. ಎರಕದ ಕಬ್ಬಿಣ ಬೇಡ ಅಂದದ್ದು ಸರಿ. ಅದು ಮೊದಲು ಬಾಗಿ ಸೂಚನೆ ಕೊಡೋ ಜಾತಿಯದಲ್ಲ. ಕೈತಪ್ಪಿದ ಮಡಕೆ ಥರ, ಇದೆ, ಇದೆ, ಇಲ್ಲ.

ಅಳಿಯ: ತೋಪು ಒಡೆಯೋದಕ್ಕೆ ದೊಡ್ಡದೊಡ್ಡವರೇ ಸಿಕ್ಕಿ ಹೋಗಿದ್ದಾರೆ. ಸ್ಕಾಟ್ಲೆಂಡಿನ ಎರಡನೇ ಜೇಮ್ಸ್ ದೊರೆಗೆ ತೋಪು ಅಂದರೆ ಪ್ರಾಣ. 1460ರಲ್ಲಿ ರಾಕ್ಸ್‌ಬರೋ ಕೋಟೆ ಮುತ್ತಿದಾಗ ತಾನೇ ಹತ್ತಿರ ನಿಂತು ಹೊಡೆಸಿದ. ಆ ತೋಪೇ ಸಿಡಿದು ಸತ್ತ. ಅಮೆರಿಕದಲ್ಲಿ 1844ರಲ್ಲಿ ಇನ್ನೂ ವಿಚಿತ್ರ. ಪೊಟೋಮ್ಯಾಕ್ ನದಿಯಲ್ಲಿ ಪ್ರಿನ್ಸ್‌ಟನ್ ಅನ್ನೋ ಹೊಸ ಯುದ್ಧನೌಕೆ, ಅದರ ಮೇಲೆ ಬಡಿಗಬ್ಬಿಣದ ಭಾರೀ ತೋಪು. ರಾಷ್ಟ್ರಾಧ್ಯಕ್ಷರು, ಮಂತ್ರಿಗಳು, ಹೆಂಗಸರು, ಎಲ್ಲರಿಗೂ ಔತಣ. ಕೊನೇ ಸಲ ಹೊಡೆದಾಗ ತೋಪು ಒಡೆದು ವಿದೇಶಾಂಗ ಮಂತ್ರಿ, ನೌಕಾಮಂತ್ರಿ ಸೇರಿ ಆರು ಜನ ಹೋದರು. ಅಧ್ಯಕ್ಷರು ಆಗ ಕೆಳಗಿನ ಅಂತಸ್ತಿನಲ್ಲಿ ಇದ್ದದ್ದಕ್ಕೆ ಉಳಿದುಕೊಂಡರು. ಆ ತೋಪಿಗೆ ಇಟ್ಟಿದ್ದ ಹೆಸರು 'ಪೀಸ್‌ಮೇಕರ್'. ಶಾಂತಿ ತರೋನು!

ಮಾವ: ಹೆಸರಿಡೋವಾಗ ನಮ್ಮ ಜನವೇ ವಾಸಿ. ಬಿಜಾಪುರದ್ದಕ್ಕೆ ಮಲಿಕ್-ಎ-ಮೈದಾನ್ ಅಂದರು, ರಣರಂಗದ ಒಡೆಯ. ಸುಳ್ಳಿಲ್ಲ, ವಂಚನೆ ಇಲ್ಲ.

ಅಳಿಯ: ಅದರ ವಿಷಯಕ್ಕೇ ಆಮೇಲೆ ನಿಮ್ಮ ಹತ್ತಿರ ಒಂದು ಕೆಲಸ ಇದೆ.

ಮಾವ: ಅದಕ್ಕೇನಾ ಮೂರು ದಿನದಿಂದ ನನ್ನ ಹಿಂದೆ ಸುತ್ತುತ್ತಿರೋದು! ಇರಲಿ. ಉದ್ದ ನಳಿಗೆಗೆ ತೂತು ಹೇಗೆ ಕೊರೀತಾರೆ ಅದನ್ನ ಹೇಳು. ಆಚೆ ಬಾಯಿ ಇಲ್ಲದ ತೂತು ಅದು. ಬೋರಿಂಗ್ ಬಾರ್ ಒಳಗೆ ಹೋದಷ್ಟೂ ನಡುಗತ್ತೆ. ನಾನು ಒಂದು ಸಲ ಇಷ್ಟುದ್ದದ ಹೈಡ್ರಾಲಿಕ್ ಸಿಲಿಂಡರ್ ಕೊರೆದು, ಕೊನೆಯಲ್ಲಿ ನೋಡಿದರೆ ತೂತು ಬಾಳೆಹಣ್ಣಿನ ಹಾಗೆ ಬಾಗಿತ್ತು.

ಅಳಿಯ: ಅವರು ರಾಡನ್ನೇ ತಿರುಗಿಸಿ, ಡ್ರಿಲ್ಲನ್ನ ನಿಲ್ಲಿಸಿ ಕೊರೀತಾರೆ.

ಮಾವ: ಹಾಂ! ಕೆಲಸ ತಿರುಗಬೇಕು, ಟೂಲು ನಿಲ್ಲಬೇಕು. ಆಗ ತೂತು ತಾನಾಗೇ ನಡುವಿಗೆ ಬರತ್ತೆ. ಇದು ತೋಪು ಮಾಡೋರೇ ಕಂಡುಕೊಂಡ ವಿದ್ಯೆ ಗೊತ್ತಾ? ಅಪ್ರೆಂಟಿಸ್ ಆಗಿದ್ದಾಗ ನಮ್ಮ ಇನ್‌ಸ್ಟ್ರಕ್ಟರ್ ಪಾಠ ಮಾಡ್ತಿದ್ದರು. ಮೊದಲು ನಡುವೆ ಮಣ್ಣಿನ ತಿರುಳು ಇಟ್ಟು ಎರಕ ಹೊಯ್ತಿದ್ದರು, ತಿರುಳು ಅಲುಗಿದರೆ ತೂತು ಸೊಟ್ಟ. ಹದಿನೆಂಟನೇ ಶತಮಾನದಲ್ಲಿ ಮಾರಿಟ್ಸ್ ಅನ್ನೋ ಸ್ವಿಸ್ ಕುಶಲಿಗ ಘನವಾಗಿ ಎರೆದು ಆಮೇಲೆ ಕೊರೆಯೋದು ಶುರುಮಾಡಿದ. ಇಂಗ್ಲೆಂಡಿನಲ್ಲಿ ವಿಲ್ಕಿನ್ಸನ್ ಅನ್ನೋನು 1774ರಲ್ಲಿ ತೋಪು ಕೊರೆಯೋ ಯಂತ್ರಕ್ಕೆ ಪೇಟೆಂಟ್ ತೊಗೊಂಡ. ಜೇಮ್ಸ್ ವಾಟ್‌ಗೆ ಆಗ ಹಬೆ ಸೋರದ ಸಿಲಿಂಡರ್ ಯಾರ ಕೈಲೂ ಆಗ್ತಿರಲಿಲ್ಲ. ಮಾಡಿಕೊಟ್ಟೋನು ಈ ವಿಲ್ಕಿನ್ಸನ್ನೇ. ತೋಪಿನ ತೂತು ನೆಟ್ಟಗಾದದ್ದಕ್ಕೇ ಹಬೆ ಯಂತ್ರ ಓಡಿತು, ರೈಲು ಬಂತು, ನಿಮ್ಮಜ್ಜ ಬೀರೂರಿನಲ್ಲಿ ರೈಲು ಹತ್ತಿದರು.

ಅಳಿಯ: ಇದು ನನಗೆ ಗೊತ್ತಿರಲಿಲ್ಲ.

ಮಾವ: ಇನ್ನೊಂದು ಕೇಳು, ಇದು ನನಗೆ ಎಲ್ಲಕ್ಕಿಂತ ಇಷ್ಟ. ರಮ್‌ಫರ್ಡ್ ಅಂತ ಒಬ್ಬ, ಮ್ಯೂನಿಕ್‌ನಲ್ಲಿ ತೋಪಿನ ಕಾರ್ಖಾನೆ ನೋಡಿಕೊಳ್ತಿದ್ದ. ಕೊರೆಯೋವಾಗ ಹಿತ್ತಾಳೆ ಕೈ ಸುಡುವಷ್ಟು ಕಾಯತ್ತಲ್ಲ, ಯಾಕೆ ಅಂತ ತಲೆ ಕೆಡಿಸಿಕೊಂಡ. ಆಗಿನವರು ಶಾಖ ಅನ್ನೋದು ಲೋಹದೊಳಗೆ ಅಡಗಿರೋ ಒಂಥರಾ ದ್ರವ, ಕೊರೆದಾಗ ಸೋರತ್ತೆ ಅಂತಿದ್ದರು. ಇವನು ಬೇಕಂತಲೇ ಮೊಂಡು ಟೂಲು ಹಾಕಿಸಿ, ತೋಪನ್ನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಕುದುರೆ ಕಟ್ಟಿ ತಿರುಗಿಸಿದ. ಎರಡೂವರೆ ಗಂಟೆಗೆ ನೀರು ಕುದೀತು. ಬೆಂಕಿ ಇಲ್ಲದೆ! ನೋಡೋಕೆ ನಿಂತವರು ಬಾಯಿ ಬಿಟ್ಟರಂತೆ. ತಿರುಗಿಸಿದಷ್ಟೂ ಶಾಖ ಬರ್ತಾನೇ ಇದ್ದರೆ ಅದು ಒಳಗೆ ತುಂಬಿಟ್ಟ ಸಾಮಾನು ಹೇಗಾದೀತು ಅಂತ 1798ರಲ್ಲಿ ಬರೆದ. ಮೊಂಡು ಟೂಲಿನಿಂದ ನಾನು ಬರೀ ಬೈಗುಳ ತಿಂದೆ, ಅವನು ವಿಜ್ಞಾನ ತೆಗೆದ.

ಅಳಿಯ: ನಮ್ಮ ಶನಿವಾರಗಳಲ್ಲಿ ನೀವಿರಬೇಕಿತ್ತು ಮಾವ. ಅಲ್ಲಿ ತೋಪು ಹೊಡೆಯೋದು ದಿನಕ್ಕೆ ಹತ್ತು ಸಲವಾದರೆ ಹೆಚ್ಚು. ಉಳಿದದ್ದೆಲ್ಲ ಇಂಥದ್ದೇ ಮಾತು. ಈ ಚಕ್ರದ ಅರ ಹದಿನಾಲ್ಕು ಇರಬೇಕು, ಆ ಬೋಲ್ಟಿನ ತಲೆ ಆ ಕಾಲಕ್ಕೆ ಷಟ್ಕೋನ ಇರಲಿಲ್ಲ ಅಂತ ಅರ್ಧ ಗಂಟೆ ಜಗಳ.

ಮಾವ: ಹತ್ತು ಸಲ ಮಾತ್ರವಾ? ಇಲ್ಲಿ ನೋಡು, ಜಂಬೂಸವಾರಿ ದಿನ ಏಳು ತೋಪು, ತಲಾ ಮೂರು, ಇಪ್ಪತ್ತೊಂದು. ರಾಷ್ಟ್ರಗೀತೆ ಶುರುವಾಗಿ ಮುಗಿಯೋ 52 ಸೆಕೆಂಡಿನಲ್ಲಿ ಎಲ್ಲಾ ಆಗಬೇಕು.

ಅಳಿಯ: ಅವರು ವಾರಗಟ್ಟಲೆ ತಾಲೀಮು ಮಾಡಿದ ಪೊಲೀಸರು, ತೋಪಿಗೆ ಇಂತಿಷ್ಟು ಜನ ಅಂತ ಇರ್ತಾರೆ, ಗುಂಡೂ ಇಲ್ಲ, ಬರೀ ಮದ್ದು. ನಮಗೆ ಅಂಥ ಅವಸರ ಏನೂ ಇಲ್ಲವಲ್ಲ. ಒಂದು ಸಲ ಹೊಡೆದ ಮೇಲೆ ನಿಮಿಷಗಟ್ಟಲೆ ಸುಮ್ಮನೆ ನಿಲ್ತೀವಿ. ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆ, ಮಸಿ, ಗಸಿಯಾಗಿ ಉಳಿಯತ್ತೆ. ಆ ಗಸಿಯ ಮರೆಯಲ್ಲಿ ಎಲ್ಲೋ ಒಂದು ಕೆಂಡ ಇದ್ದೀತು. ಮೊದಲು ತಿರುಚಿದ ಕಬ್ಬಿಣದ ಕೊಕ್ಕೆ ಬಿಟ್ಟು ಚಿಂದಿ ಎಳೀತೀವಿ. ಆಮೇಲೆ ತುದಿಗೆ ಕುರಿಯ ಉಣ್ಣೆ ಸುತ್ತಿದ ಕೋಲು, ನೀರಲ್ಲಿ ಅದ್ದಿ ತಳದವರೆಗೆ. ಒದ್ದೆ ಕೋಲು ಒಳಗೆ ಹೋಗುವಾಗ ಒಬ್ಬ ಹಿಂದುಗಡೆ ಬತ್ತಿ ಹಚ್ಚೋ ಕಿವಿಯ ತೂತನ್ನ ಚರ್ಮ ಸುತ್ತಿದ ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು, ಗಾಳಿ ನುಗ್ಗಿ ಕೆಂಡ ಊದದ ಹಾಗೆ. ಸರಿಯಾಗಿ ಮುಚ್ಚಿದ್ದರೆ ಕೋಲು ಎಳೆದಾಗ ಬಾಟಲಿ ಬಿರಡೆ ತೆಗೆದ ಹಾಗೆ 'ಪುಳಕ್' ಅನ್ನತ್ತೆ. ಆ ಸದ್ದು ಬರದಿದ್ದರೆ ಮತ್ತೆ ಮೊದಲಿಂದ. ಆಮೇಲೆ ಒಣ ಕೋಲು. ಅದಾದ ಮೇಲೇ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಮದ್ದಿನ ಪೊಟ್ಟಣ.

ಮಾವ: ನಿಧಾನ ಹೇಳು. ಆ ಕೋಲು ಹಿಡಿಯೋದು ಹೇಗೆ?

ಅಳಿಯ: ಆ ಕೊಡೆ ಕೊಡಿ ಇಲ್ಲಿ. ನೋಡಿ, ಬಾಯಿಯ ಎದುರಿಗೆ ಮೈ ಬರಬಾರದು, ಪಕ್ಕಕ್ಕೆ ನಿಂತು ಕೈ ಮಾತ್ರ ಚಾಚಬೇಕು. ಕೋಲನ್ನ ಮುಷ್ಟಿ ಕಟ್ಟಿ ಹಿಡಿಯಂಗಿಲ್ಲ. ಅಂಗೈ ಮೇಲೆ, ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಬೇಕು, ಸುತ್ತಿ ಬರಬಾರದು. ಅಕಸ್ಮಾತ್ ಮದ್ದು ಹತ್ತಿಕೊಂಡರೆ ಕೋಲು ಬೆರಳುಗಳಿಂದ ಜಾರಿ ಹಾರಿಹೋಗಲಿ ಅಂತ. ಹೆಬ್ಬೆರಳು ಸುತ್ತಿಕೊಂಡಿದ್ದರೆ ಕೋಲಿನ ಜೊತೆ ಅದೂ... ಯಾಕೆ ಮಾವ, ಏನಾಯ್ತು?

ಮಾವ: ಏನಿಲ್ಲ. ಕೊಡೆ ಕೆಳಗಿಡು.

ಅಳಿಯ: ತಪ್ಪಾಗಿ ಏನಾದರೂ ಹೇಳಿದೆನಾ?

ಮಾವ: ನಿನ್ನ ದೊಡ್ಡ ಮಾವನ ಬಲಗೈ ನೋಡಿದ್ದೀಯಲ್ಲ?

ಅಳಿಯ: ಹೆಬ್ಬೆರಳಿಲ್ಲದ ಕೈಯಾ? ಅಡಕೆ ಸುಲಿಯುವಾಗ ಮೆಟ್ಟುಗತ್ತಿಗೆ ಸಿಕ್ಕಿತ್ತು ಅಂತಿದ್ದರು. ಅದಕ್ಕೇ ನಮ್ಮನ್ನೆಲ್ಲ ಮೆಟ್ಟುಗತ್ತಿ ಹತ್ತಿರ ಬಿಡ್ತಿರಲಿಲ್ಲ.

ಮಾವ: ಮಕ್ಕಳಿಗೆ ಹೇಳಿದ ಕಥೆ ಅದು. ಅಮ್ಮ ಹೇಳಿಕೊಟ್ಟದ್ದು. ಊರ ಜಾತ್ರೆಯಲ್ಲಿ ಗರ್ನಾಲು ಹೊಡೀತಿದ್ದ ಅಣ್ಣ. ನೀನು ನೋಡಿರ್ತೀಯ, ಒರಳಿನ ಹಾಗೆ ಕುಳ್ಳಗೆ, ದಪ್ಪ ಕಬ್ಬಿಣದ್ದು. ನೆಲಕ್ಕೆ ಹೂತು, ಮದ್ದು ಹಾಕಿ, ಮೇಲೆ ಇಟ್ಟಿಗೆ ಪುಡಿ ಹಾಕಿ ಜಡಿದು, ಉದ್ದ ಕೋಲಿನ ತುದಿಯಲ್ಲಿ ಬೆಂಕಿ ತಾಗಿಸೋದು. ಏಳೆಂಟು ಗರ್ನಾಲು ಸಾಲಾಗಿ ಇಟ್ಟಿರ್ತಿದ್ದರು. ಆ ವರ್ಷ ಎರಡೇ ಇದ್ದವು, ಉಳಿದವನ್ನ ಪಕ್ಕದ ಊರಿನವರು ಒಯ್ದಿದ್ದರು. ಪಲ್ಲಕ್ಕಿ ಗುಡಿ ಸುತ್ತು ಬರೋದರೊಳಗೆ ಐದು ಸದ್ದು ಆಗಬೇಕು. ಹೊಡೆದದ್ದನ್ನೇ ತುಂಬಿ ತುಂಬಿ ಹೊಡೆದ. ನಾಲ್ಕನೇದಕ್ಕೆ ಜಡೀತಿದ್ದಾಗ ಒಳಗೇ ಹತ್ತಿಕೊಂಡಿತು. ನಾನು ಹತ್ತು ಗಜ ಆಚೆ ಮಂಡಕ್ಕಿ ಪೊಟ್ಟಣ ಹಿಡಿದು ನಿಂತಿದ್ದೆ. ಸದ್ದು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾಲ್ಕನೇದು ಆಯ್ತು ಅಂತ.

ಅಳಿಯ: ಅವರ ಕಿವಿ ಮಂದ ಇದ್ದದ್ದೂ...

ಮಾವ: ಅದೂ ಅವತ್ತಿಂದಲೇ. ಅದಕ್ಕೇ ನೀನು ಹೆಬ್ಬೆರಳು ಈ ಕಡೆ ಅಂತ ಕೊಡೆ ಹಿಡಿದು ತೋರಿಸಿದಾಗ... ಯಾರಾದರೂ ನಮಗೆ ಅಷ್ಟೇ ಅಷ್ಟು ಹೇಳಿಕೊಟ್ಟಿದ್ದರೆ ಅನ್ನಿಸಿತು. ನಮ್ಮಲ್ಲಿ ಮದ್ದು ತುಂಬೋದನ್ನ ಅಪ್ಪ ಮಗನಿಗೆ ತೋರಿಸಿಕೊಟ್ಟದ್ದೇ. ಅವನೂ ಪಲ್ಲಕ್ಕಿ ನೋಡಿಕೊಂಡು ತುಂಬಿದೋನೇ. ಗರ್ನಾಲು ಅಂದರೆ ಮೊಣಕಾಲೆತ್ತರವೂ ಇಲ್ಲ, ಅದಕ್ಕೇನು ಹೆದರೋದು ಅನ್ನೋ ಸಸಾರ ಬೇರೆ.

ಅಳಿಯ: ಅಲ್ಲಿಯೂ ಅನಾಹುತ ಆಗೋದು ದೊಡ್ಡದರಲ್ಲಿ ಅಲ್ಲ ಮಾವ. ಪೂರ್ತಿ ಅಳತೆಯ ತೋಪು ಕಂಡರೆ ಎಂಥವನೂ ಹತ್ತು ಹೆಜ್ಜೆ ಹಿಂದೆ ಸರೀತಾನೆ. ಮೇಜಿನ ಮೇಲೆ ಇಡೋ ಅಂಗೈಯಗಲದ್ದು ಕಂಡರೆ ಬಗ್ಗಿ ಬಾಯೊಳಗೆ ಇಣುಕ್ತಾನೆ. ನಮ್ಮ ಪಕ್ಕದ ಮನೆಯವರು ಮೊಮ್ಮಕ್ಕಳನ್ನ ಅರ್ಧ ಅಳತೆಯದರ ಹತ್ತಿರ ಬಿಟ್ಟರೂ, ಆರನೇ ಒಂದರದ್ದನ್ನ ಬೀಗ ಹಾಕಿ ಇಡ್ತಾರೆ.

ಮಾವ: ಬುದ್ಧಿವಂತ.

ಅಳಿಯ: ಮದ್ದಿಗೆ ಮುಪ್ಪೂ ಇಲ್ಲ. 2008ರಲ್ಲಿ ವರ್ಜೀನಿಯಾದಲ್ಲಿ ಒಬ್ಬ ಸಂಗ್ರಾಹಕರು ಅಂತರ್ಯುದ್ಧದ ಕಾಲದ ಒಂದು ಟೊಳ್ಳು ಗುಂಡನ್ನ ಮನೆ ಮುಂದೆ ಶುಚಿ ಮಾಡ್ತಿದ್ದರು. ನೂರನಲವತ್ತಕ್ಕೂ ಹೆಚ್ಚು ವರ್ಷ ಹಳೇದು. ಅದು ಸಿಡಿದು ಅವರು ತೀರಿಕೊಂಡರು.

ಮಾವ: ನಮ್ಮ ಹೊಸನಗರ ತಾಲೂಕಿನ ನಗರ ಅನ್ನೋ ಊರಲ್ಲಿ 2018ರಲ್ಲಿ ಹಾಳುಬಾವಿ ಅಗೆದಾಗ ಟಿಪ್ಪು ಕಾಲದ ರಾಕೆಟ್ಟು ಸಾವಿರಕ್ಕೂ ಮೇಲೆ ಸಿಕ್ಕಿತಲ್ಲ, ಆ ಕೆಸರಿಗೆ ಮದ್ದಿನ ವಾಸನೆ ಇತ್ತಂತೆ. ಇನ್ನೂರು ವರ್ಷ ನೀರಲ್ಲಿ ನೆನೆದಿದೆ, ವಾಸನೆ ಬಿಟ್ಟಿಲ್ಲ. ಸರಿ, ಅಮೆರಿಕದಲ್ಲಿ ಇದಕ್ಕೆ ಲೈಸೆನ್ಸು ಗಿಯ್ಸೆನ್ಸು ಬೇಡವಾ?

ಅಳಿಯ: ಕೇಂದ್ರದ ಕಾನೂನಿನಲ್ಲಿ 1898ರಲ್ಲಿ ಇಲ್ಲವೇ ಅದಕ್ಕೆ ಹಿಂದೆ ತಯಾರಾದ ಆಯುಧ, ಮತ್ತೆ ಬಾಯಿಂದ ಮದ್ದು ತುಂಬೋ ಅದರ ನಕಲು, ಪುರಾತನ ವಸ್ತು ಅನ್ನಿಸಿಕೊಳ್ಳತ್ತೆ. ಇಂಥ ಹವ್ಯಾಸಕ್ಕೆ 50 ಪೌಂಡ್ ತನಕ ಕರಿಮದ್ದು ಇಟ್ಟುಕೊಳ್ಳಬಹುದು. ಸಿಡಿಯೋ ಗುಂಡು ಮಾತ್ರ ಕೂಡದು, ಗಟ್ಟಿ ಗುಂಡೇ ಆಗಬೇಕು. ರಾಜ್ಯ, ಊರಿನ ನಿಯಮ ಬೇರೆ ಬೇರೆ. ಗಾಲ್ಫ್ ಚೆಂಡು ಹಾರಿಸೋ ಕುಳ್ಳು ತೋಪುಗಳೂ ಇವೆ. ಸಿಮೆಂಟು ತುಂಬಿದ ಬಿಯರ್ ಡಬ್ಬಿ ಹಾರಿಸೋರೂ ಇದ್ದಾರೆ.

ಮಾವ: ಇಲ್ಲಿ ಹಾಗೆ ಮಾಡಿದರೆ ಮಾರನೇ ದಿನ ಪೇಪರಿನಲ್ಲಿ ಫೋಟೊ ಬರತ್ತೆ.

ಅಳಿಯ: ಬರಲೇಬೇಕು. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ತೋಪು ಅನ್ನೋದು ನಿಷೇಧಿತ ಆಯುಧದ ಪಟ್ಟಿಯಲ್ಲೇ ಇದೆ. ಕೊಡಗಿನವರಿಗೆ ಕೋವಿಗೆ ಇರೋ ವಿನಾಯಿತಿ ಕೋವಿಗಷ್ಟೇ.

ಮಾವ: ಇಷ್ಟಾಗಿಯೂ ಹುಡುಗರು ಬಿಡಬೇಕಲ್ಲ. 2025ರ ದೀಪಾವಳಿಗೆ ಭೋಪಾಲದ ಕಡೆ ಪ್ಲಾಸ್ಟಿಕ್ ಪೈಪಿಗೆ ಕಾರ್ಬೈಡು, ನೀರು ಹಾಕಿ ಸಿಡಿಸಿ ಎಷ್ಟು ಮಕ್ಕಳ ಕಣ್ಣು ಹೋಯ್ತು. ಹತ್ತಲಿಲ್ಲ ಅಂತ ಪೈಪಿನೊಳಗೆ ಇಣುಕಿ ನೋಡಿದ್ದಾವೆ.

ಅಳಿಯ: ಅದೇ ಕಾರ್ಬೈಡಿನ ಆಟಿಕೆ ತೋಪು ಪೆನ್ಸಿಲ್ವೇನಿಯಾದಲ್ಲಿ ನೂರು ವರ್ಷದಿಂದ ಅಂಗಡಿಯಲ್ಲಿ ಮಾರತ್ತೆ. ಲೀಹೈ ವಿಶ್ವವಿದ್ಯಾಲಯದ ಒಬ್ಬ ಭೌತಶಾಸ್ತ್ರದ ಪ್ರೊಫೆಸರು 1907ರಲ್ಲಿ ಪೇಟೆಂಟ್ ಮಾಡಿಸಿದ್ದು. ಎರಕದ ಲೋಹದ್ದು, ಕಾರ್ಬೈಡು ಚಿಟಿಕೆಯಷ್ಟೇ ಬೀಳೋ ಹಾಗೆ ಅಳತೆಯ ಬುರುಡೆ, ಕಿಡಿ ಹೊತ್ತಿಸೋ ಗುಂಡಿ ಹಿಂದುಗಡೆ. ಇಣುಕೋ ಅಗತ್ಯವೇ ಬರಲ್ಲ.

ಮಾವ: ಈಗ ನಿಜ ಹೇಳು. ಕಾರು ಇದೆ, ಮನೆ ಇದೆ, ಕಂಪ್ಯೂಟರ್ ಮುಂದೆ ಕೂತು ಸಂಬಳ ಬರತ್ತೆ. ಜನ ಕೊಲ್ಲೋ ಸಾಮಾನಿನ ಜೊತೆ ಆಟ ಯಾಕೆ? ನಿಮ್ಮಮ್ಮ ಕೇಳಿದ ಪ್ರಶ್ನೆ ಇದು, ನನ್ನದಲ್ಲ. ಆದರೂ ಉತ್ತರ ನನಗೂ ಬೇಕು.

ಅಳಿಯ: ನೆಟ್ಟಗೆ ಉತ್ತರ ನನ್ನ ಹತ್ತಿರ ಇಲ್ಲ ಮಾವ. ಸ್ಟರ್ನ್ ಅನ್ನೋ ಇಂಗ್ಲಿಷ್ ಲೇಖಕ 1759ರಿಂದ ಕಂತು ಕಂತಾಗಿ ಬರೆದ 'ಟ್ರಿಸ್ಟ್ರಮ್ ಶಾಂಡಿ' ಕಾದಂಬರಿಯಲ್ಲಿ ಟೋಬಿ ಅಂತ ಒಬ್ಬ ಚಿಕ್ಕಪ್ಪ ಬರ್ತಾನೆ. ನಾಮೂರ್ ಕೋಟೆ ಮುತ್ತಿಗೆಯಲ್ಲಿ ಗಾಯಗೊಂಡು ಮನೆಗೆ ಬಂದ ಸೈನಿಕ. ಗಾಯ ಎಲ್ಲಾಯ್ತು ಅಂತ ಕೇಳಿದವರಿಗೆ ಬಾಯಲ್ಲಿ ವಿವರಿಸೋಕೆ ಆಗದೆ, ಮೊದಲು ನಕ್ಷೆ ತರಿಸ್ತಾನೆ. ಆಮೇಲೆ ಹಿತ್ತಲ ಹುಲ್ಲುಹಾಸಿನಲ್ಲಿ ಕೋಟೆಯನ್ನೇ ಕಟ್ಟಿಸ್ತಾನೆ. ಅವನ ಆಳು ಹಳೇ ಬೂಟು ಕತ್ತರಿಸಿ ಕುಳ್ಳು ತೋಪು ಮಾಡ್ತಾನೆ. ಪುಟಾಣಿ ಹಿತ್ತಾಳೆ ತೋಪುಗಳಿಗೆ ಹೊಗೆಸೊಪ್ಪಿನ ಕೊಳವೆ ಜೋಡಿಸಿ, ಹೊಗೆ ಬರೋ ಹಾಗೆ ಮಾಡ್ತಾನೆ. ಪೇಪರಿನಲ್ಲಿ ಯಾವ ಕೋಟೆ ಬಿತ್ತು ಅಂತ ಬರತ್ತೋ ಇವರ ಹಿತ್ತಲಲ್ಲೂ ಅವತ್ತು ಅದು ಬೀಳತ್ತೆ. ಇಂಥ ಟೋಬಿ ನೊಣ ಕೂಡ ಹೊಡೆಯಲ್ಲ, ಕಿಟಕಿ ತೆಗೆದು ಹೊರಗೆ ಬಿಡ್ತಾನೆ. ನಮ್ಮ ಹೊಲಕ್ಕೆ ಬರೋರೆಲ್ಲ ಹೆಚ್ಚುಕಡಿಮೆ ಅವನ ವಂಶದವರೇ.

ಮಾವ: ಎಲ್ಲರೂನಾ?

ಅಳಿಯ: ಎಲ್ಲರೂ ಅಂತ ಹೇಳಲಾರೆ. ಕೆಲವರಿಗೆ ಸದ್ದೇ ಬೇಕು, ಅವರು ಎರಡು ತಿಂಗಳು ಬಂದು ತೊಳೆಯೋ ಕೆಲಸ ನೋಡಿ ಬಿಟ್ಟುಬಿಡ್ತಾರೆ. ಇನ್ನು ಕೆಲವರು ಆ ಯುದ್ಧದಲ್ಲಿ ತಮ್ಮ ಮುತ್ತಜ್ಜ ಯಾವ ಕಡೆ ಇದ್ದ ಅನ್ನೋದನ್ನ ಇವತ್ತಿಗೂ ಬಿಟ್ಟಿಲ್ಲ. ದಕ್ಷಿಣದವರ ಬಾವುಟ ತಂದು ನೆಡೋರು ಬಂದರೆ ನನಗೆ ಮುಜುಗರ ಆಗತ್ತೆ. ಗುಲಾಮರನ್ನ ಇಟ್ಟುಕೊಳ್ಳೋ ಹಕ್ಕಿಗಾಗಿ ಹಿಡಿದ ಬಾವುಟ ಅದು. ಅಂಥ ದಿನ ನಾನು ಬೇಗ ಮನೆಗೆ ಬರ್ತೀನಿ. 1950ರಲ್ಲಿ ಹುಟ್ಟಿದ ಒಂದು ಸಂಘ ವರ್ಜೀನಿಯಾದ ವಿಂಚೆಸ್ಟರ್ ಹತ್ತಿರ ಇದೆ, ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್. ವರ್ಷಕ್ಕೆ ಎರಡು ಸಲ ಎರಡೂ ಕಡೆಯ ಸಮವಸ್ತ್ರ ತೊಟ್ಟು, ಒಂದೇ ಸಾಲಿನಲ್ಲಿ ನಿಂತು ಗುರಿಹಲಗೆಗೆ ಹೊಡೀತಾರೆ. ತೋಪಿನದೂ ಪಂದ್ಯ ಇದೆ. ಎದುರುಬದುರು ನಿಲ್ಲಲ್ಲ ಅನ್ನೋದು ಅವರ ಒಳ್ಳೇತನ.

ಮಾವ: ನಿನಗೆ ಯಾವುದು ಹಿಡಿಸಿದ್ದು? ಸದ್ದಾ?

ಅಳಿಯ: ತೊಳೆಯೋದು.

ಮಾವ: ಏನಂದೆ?

ಅಳಿಯ: ನಗಬೇಡಿ. ಸಂಜೆ ಬಕೆಟ್‌ನಲ್ಲಿ ಬಿಸಿನೀರು, ಸೋಪು ಹಾಕಿ ನಳಿಗೆಗೆ ಹುಯ್ದು ಕೋಲಾಡಿಸ್ತೀವಿ. ಮೊದಲು ಕರೀ ನೀರು, ಕೊಳೆತ ಮೊಟ್ಟೆ ವಾಸನೆ. ಮೂರನೇ ಬಕೆಟ್‌ಗೆ ಬೂದು ಬಣ್ಣ. ಆರನೇದಕ್ಕೆ ತಿಳಿಯಾಗತ್ತೆ. ನಳಿಗೆ ಬಿಸಿನೀರಿನ ಕಾವಿಗೇ ಒಣಗತ್ತೆ, ಆಮೇಲೆ ಎಣ್ಣೆ ಒರೆಸೋದು. ಇವತ್ತು ಬಿಟ್ಟರೆ ನಾಳೆ ಬೆಳಿಗ್ಗೆ ತುಕ್ಕು ಹಿಡಿದಿರತ್ತೆ, ನಾಳೆಗೆ ಅಂತ ಮುಂದೂಡೋ ಹಾಗೇ ಇಲ್ಲ. ನನ್ನ ಆಫೀಸಿನಲ್ಲಿ ಯಾವ ಕೆಲಸವೂ ಹಾಗೆ ಅದೇ ದಿನ ಮುಗಿದದ್ದು ನಾನು ಕಂಡಿಲ್ಲ.

ಮಾವ: ದೊಡ್ಡಣ್ಣನೂ ಕೇಪಿನ ಕೋವಿಗೆ ಕುದಿಯೋ ನೀರು ಹುಯ್ದು ತೊಳೀತಿದ್ದ. ಎಡಗೈಲಿ. ಹೂಂ, ಈಗ ಹೇಳು, ನನ್ನ ಹತ್ತಿರ ಏನು ಕೆಲಸ?

ಅಳಿಯ: ಆ ಪಕ್ಕದ ಮನೆಯವರಿಗೆ ನಮ್ಮ ಕಡೆಯ ತೋಪು ಒಂದನ್ನ ಕೊಡಬೇಕು ಅಂತ ಆಸೆ. ಮಲಿಕ್-ಎ-ಮೈದಾನ್. ಅಸಲಿಯದು 1549ರಲ್ಲಿ ಅಹಮದ್‌ನಗರದಲ್ಲಿ ಎರೆದದ್ದು, ಮಹಮ್ಮದ್ ಬಿನ್ ಹಸನ್ ರೂಮಿ ಅನ್ನೋ ಎರಕದವನು. 55 ಟನ್ ತೂಕ ಅಂತಾರೆ. ಉದ್ದ ನಾಲ್ಕೂವರೆ ಮೀಟರಿಗೆ ಸ್ವಲ್ಪ ಕಡಿಮೆ, ಬಾಯಿಯ ತೂತು 70 ಸೆಂಟಿಮೀಟರ್.

ಮಾವ: ನೋಡಿದ್ದೀನಿ. ಬಾಯಿಗೆ ಸಿಂಹದ ಮುಖ, ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಬತ್ತಿ ಹಚ್ಚಿದೋನು ಪಕ್ಕದ ನೀರಿನ ತೊಟ್ಟಿಗೆ ಮುಳುಗಿ ಕಿವಿ ಉಳಿಸಿಕೊಳ್ತಿದ್ದ ಅಂತ ಗೈಡು ಹೇಳಿದ. ಕಂಪನಿ ಕಾಲದಲ್ಲಿ 1854ರಲ್ಲಿ ನೂರೈವತ್ತು ರೂಪಾಯಿಗೆ ಹರಾಜು ಹಾಕಿ, ಆಮೇಲೆ ಯಾರೋ ಪುಣ್ಯಾತ್ಮರು ತಡೆದರಂತೆ. ಇಪ್ಪತ್ತನೇ ಒಂದಕ್ಕೆ ಇಳಿಸೋಣ. ಉದ್ದ 22 ಸೆಂಟಿಮೀಟರ್, ಹೊರಗೆ 75 ಮಿ.ಮೀ., ತೂತು 35. ಐವತ್ತೈದು ಟನ್ನಿಗೆ ಎಂಟು ಸಾವಿರನೇ ಒಂದು... ಏಳು ಕೆ.ಜಿ.ಗೆ ಸ್ವಲ್ಪ ಕಡಿಮೆ. ಹಿತ್ತಾಳೆ ರಾಡು ಎಂಟೂವರೆ ಕೆ.ಜಿ. ತರಬೇಕಾಗತ್ತೆ.

ಅಳಿಯ: ದುಡ್ಡು ನಾನು ಕೊಡ್ತೀನಿ.

ಮಾವ: ಕೊಡದೆ ಬಿಡ್ತೀಯಾ? ಸಿಂಹದ ಮುಖ ಲೇತಿನಲ್ಲಿ ಬರಲ್ಲ, ಅರದಲ್ಲಿ ಉಜ್ಜಬೇಕು. ಕಣ್ಣು ಮೊದಲಿನ ಹಾಗಿಲ್ಲ, ಹದಿನೈದು ದಿನ ಬೇಕು. ಏರ್‌ಪೋರ್ಟಿನಲ್ಲಿ ಕೇಳಿದರೆ ಏನಂತೀಯ?

ಅಳಿಯ: ಶೋಕೇಸಿನ ಸಾಮಾನು ಅಂತ. ಒಂದೇ ಒಂದು ಮಾತು ಮಾವ, ಹಿಂದುಗಡೆ ಬತ್ತಿಯ ಕಿವಿ...

ಮಾವ: ಆ ಜಾಗಕ್ಕೆ ಸೆಂಟರ್ ಪಂಚ್ ಇಟ್ಟು ಒಂದೇ ಏಟು ಹೊಡೀತೀನಿ. ನೋಡೋರಿಗೆ ಕಿವಿ ಇದೆ ಅನ್ನಿಸಬೇಕು, ಅಷ್ಟೇ.

ಅಳಿಯ: ಅವರು ಅಲ್ಲಿ ಕೊರೆದುಬಿಟ್ಟರೆ?

ಮಾವ: ಟೂಲ್‌ಮೇಕರ್ ಅಂದೆಯಲ್ಲ. 75ರ ರಾಡಿಗೆ 35ರ ತೂತು, ಗೋಡೆ ಇಪ್ಪತ್ತು. ನೀನೇ ಹೇಳಿದ ರೂಢಿಗೆ ಅದು ಸಾಲಲ್ಲ. ಕೈಗೆತ್ತಿಕೊಂಡ ಕೂಡಲೇ ಅವನಿಗೆ ಗೊತ್ತಾಗತ್ತೆ. ಆ ನಾಯಿನ ಕರಿ, ತಾಲೀಮು ಮುಗೀತು ಅನ್ನಿಸತ್ತೆ. ಬಿಸ್ಕತ್ತು ಡಬ್ಬಿ ಅಲುಗಿಸು, ಬರತ್ತೆ.